ವಾಯುವಿನ ಮೇಲೆ ಹೊರಿಸಿದ ಅಪರಾಧ

ವಾಯುವನ್ನು ಮುಖ್ಯಪ್ರಾಣನೆಂದು ಪೂಜಿಸುವ ದೇಶದಲ್ಲಿಯೇ ಉಸಿರು ಮೃತ್ಯುವಾದ ರಾತ್ರಿಯೊಂದುಂಟು. 1984ರ ಡಿಸೆಂಬರ್ 2ರ ನಡುರಾತ್ರಿಯ ವೇಳೆಗೆ ಭೋಪಾಲದ ಕೀಟನಾಶಕ ಕಾರ್ಖಾನೆಯ ತೊಟ್ಟಿಯೊಂದರಿಂದ ಸುಮಾರು 40 ಟನ್ ಮೀಥೈಲ್ ಐಸೊಸೈನೇಟ್ ಹೊರಬಿದ್ದಿತು. ಚಳಿಗೆ ನೆಲದ ಬಳಿಯ ಗಾಳಿಯು ತಂಪಾಗಿ, ಅದರ ಮೇಲೆ ಬೆಚ್ಚನೆಯ ಪದರವೊಂದು ಮುಚ್ಚಳದಂತೆ ಕುಳಿತಿತ್ತು. ಗಾಳಿಗಿಂತ ಭಾರವಾದ ಆ ಅನಿಲವು ಮೇಲೇರಿ ಚದುರದೆ, ಮಂದಮಾರುತದೊಡನೆ ಸಾಗಿ, ಜನ ಮಲಗಿದ್ದ ಗುಡಿಸಲುಗಳನ್ನು ಹೊಕ್ಕಿತು. ಸಾವಿರಾರು ಮಂದಿ ಸತ್ತರು.

ಹವೆ ಬೇರೆಯಾಗಿದ್ದರೆ ಸಾವು ಕಡಿಮೆಯಾಗುತ್ತಿತ್ತೇನೋ. ಹಾಗೆಂದು ಇದನ್ನು ದೈವೇಚ್ಛೆ ಎನ್ನಬಹುದೆ? ಮಧ್ಯಭಾರತದ ಚಳಿಗಾಲಕ್ಕೆ ಅಂತಹ ರಾತ್ರಿ ಹೊಸದಲ್ಲ. ತೊಟ್ಟಿಯನ್ನು ತಂಪಾಗಿಡುವ ಯಂತ್ರವನ್ನು ತಿಂಗಳುಗಳ ಹಿಂದೆಯೇ ನಿಲ್ಲಿಸಲಾಗಿತ್ತು. ಸೋರಿದ ಅನಿಲವನ್ನು ಸುಡಬೇಕಾದ ಗೋಪುರದ ಕೊಳವೆಯನ್ನು ದುರಸ್ತಿಗೆಂದು ಕಳಚಲಾಗಿತ್ತು. ಇವು ವಾಯುದೇವನ ಕೃತ್ಯಗಳಲ್ಲ.

ಸತ್ತವರ ಪೂರ್ವಜನ್ಮದ ಫಲವೆಂದು ಸಮಾಧಾನ ಹೇಳುವ ಸಜ್ಜನರೂ ಉಂಟು. ಪಾಪ, ಅವರ ಉದ್ದೇಶ ಕೆಟ್ಟದ್ದಲ್ಲ; ಆದರೆ ಒಬ್ಬನ ಸಾಲವನ್ನು ಇನ್ನೊಬ್ಬನ ಖಾತೆಗೆ ಬರೆದಂತಾಗುತ್ತದೆ. ಮಾಡಬೇಕಾದುದನ್ನು ಮಾಡದೆ ಬಿಟ್ಟದ್ದೂ ಕರ್ಮವೇ, ಅದಕ್ಕೆ ಕರ್ತೃವಿದ್ದಾನೆ.

2010ರಲ್ಲಿ ಭೋಪಾಲದ ನ್ಯಾಯಾಲಯವು ಕಂಪನಿಯ ಏಳು ಮಂದಿ ಭಾರತೀಯ ಅಧಿಕಾರಿಗಳಿಗೆ 2 ವರ್ಷಗಳ ಸೆರೆ ವಿಧಿಸಿತು. ಅದೇ ದಿನ ಜಾಮೀನನ್ನೂ ನೀಡಿತು.