ಕಾಳಗದಾಟವೂ ರುಚಿಭೇದವೂ

ಎರಡು ವಸ್ತುಗಳನ್ನು ಎದುರುಬದುರಾಗಿ ಇರಿಸಿ ತೂಗಿ ನೋಡುವುದು ಮನುಷ್ಯಬುದ್ಧಿಯ ಸಹಜವ್ಯಾಪಾರ. ತೂಗಿದ ಬಳಿಕ ವಸ್ತುವನ್ನು ಕೆಳಗಿಳಿಸಿ, ಅದನ್ನು ಮೆಚ್ಚಿದ ಮನುಷ್ಯನನ್ನೇ ತಕ್ಕಡಿಗೆ ಏರಿಸುವುದು ಅಹಂಕಾರದ ವ್ಯಾಪಾರ. ಇವೆರಡರ ನಡುವಣ ಗೆರೆ ತೀರ ಸಣ್ಣದು. ದೊಡ್ಡವರ ವಾದಗಳಲ್ಲಿ ಅದು ಪಾಂಡಿತ್ಯದ ಮರೆಯಲ್ಲಿ ಅಡಗಿರುತ್ತದೆ. ಮಕ್ಕಳ ಆಟದಲ್ಲಿ ಬೆತ್ತಲೆಯಾಗಿ ಕಾಣುತ್ತದೆ.

ಸಕಲೇಶಪುರ ತಾಲ್ಲೂಕಿನ ಹೆತ್ತೂರು ಸೀಮೆಯಲ್ಲಿ ಮಳೆಗಾಲವೆಂದರೆ ತಿಂಗಳುಗಟ್ಟಲೆ ಮನೆಯೊಳಗಿನ ಬಾಳು. ಹೊರಗೆ ಎಡೆಬಿಡದ ಮಳೆ. ಸಂಜೆಯಾದರೆ ಕಾಫಿತೋಟದ ದಾರಿಯಲ್ಲಿ ಕಾಡಾನೆಯ ಭಯ. ಬಯಲಿನಲ್ಲಿ ಕಬಡ್ಡಿಯಾಡಬೇಕಾದ ಹುಡುಗರು ಒಲೆಯ ಬಳಿ ಮೊಬೈಲು ಹಿಡಿದು ಕೂರುತ್ತಾರೆ. ಅವರಾಡುವ ವಿಡಿಯೋ ಆಟಗಳಲ್ಲಿ ಇಬ್ಬರು ಎದುರುಬದುರು ನಿಂತು ಕಾದಾಡುವ ಬಗೆಯದೂ ಒಂದು. ಆಟದ ಸೋಲುಗೆಲುವಿಗಿಂತ, ಯಾವ ಆಟ ಮೇಲು ಎಂಬ ತರ್ಕದಲ್ಲಿಯೇ ಅಣ್ಣತಮ್ಮಂದಿರು ಮಾತು ಬಿಡುವುದುಂಟು. ‘ನಿನ್ನ ಆಟ ಕೈಲಾಗದವರದು’ ಎಂಬಲ್ಲಿಗೆ ಅದು ಮುಟ್ಟುತ್ತದೆ. ಹಿರಿಯರಾದರೋ ‘ಎಲ್ಲವೂ ಒಂದೇ ಹಾಳು’ ಎಂದು ಗದರಿಸಿ ಎದ್ದು ಹೋಗುತ್ತಾರೆ.

ಎಲ್ಲವೂ ಒಂದೇ ಅಲ್ಲ. ಜಪಾನಿನಲ್ಲಿ ಹುಟ್ಟಿದ ಸ್ಟ್ರೀಟ್ ಫೈಟರ್ ಆಟದ ಎರಡನೆಯ ಆವೃತ್ತಿ 1991ರದು. ಅದರಲ್ಲಿ ಗುದ್ದಿಗೆ ಮೂರು, ಒದೆತಕ್ಕೆ ಮೂರು ಗುಂಡಿಗಳು. ಹಗುರ, ಮಧ್ಯಮ, ಭಾರವೆಂಬ ತಾರತಮ್ಯ. ಅಂತರವನ್ನು ಅಳೆದು ಸಮಯ ಕಾಯುವುದು ಅದರ ಜಾಣತನ. (ಅದರಲ್ಲಿ ಭಾರತದ ಯೋಗಿಯೊಬ್ಬನು ಬಾಯಿಂದ ಬೆಂಕಿಯುಗುಳುತ್ತ ಹೊಡೆದಾಡುತ್ತಾನೆ; ಯೋಗದ ಬಗೆಗಿನ ಈ ಕಲ್ಪನೆಗೆ ನಕ್ಕು ಸುಮ್ಮನಾಗುವುದೇ ಲೇಸು.) 1994ರ ಟೆಕ್ಕೆನ್ ಆಟದಲ್ಲಿ ಎರಡು ಕೈ, ಎರಡು ಕಾಲುಗಳಿಗೆ ಒಂದೊಂದರಂತೆ ನಾಲ್ಕೇ ಗುಂಡಿಗಳು, ಆಟಗಾರನಿಗೆ ತನ್ನ ಅಂಗಾಂಗಗಳನ್ನೇ ಆಡಿಸಿದ ಭಾವ. ಅಮೆರಿಕದಿಂದ 1992ರಲ್ಲಿ ಬಂದ ಮಾರ್ಟಲ್ ಕಾಂಬ್ಯಾಟ್ ಇವೆರಡಕ್ಕಿಂತ ಬೇರೆ. ಅದು ನಿಜವಾದ ನಟರ ಚಿತ್ರಗಳನ್ನು ಬಳಸಿತು. ಸೋತು ತೂಗಾಡುತ್ತಿರುವವನನ್ನು ಗೆದ್ದವನು ಘೋರವಾಗಿ ಕೊಲ್ಲುವ ದೃಶ್ಯದಿಂದಲೇ ಹೆಸರಾಯಿತು. ಒಬ್ಬನಿಗೆ ತಾಳ್ಮೆಯ ಆಟ ರುಚಿಸುತ್ತದೆ, ಇನ್ನೊಬ್ಬನಿಗೆ ವೇಗದ್ದು. ಇಂಥ ಗುಣಗಳನ್ನು ಬಿಡಿಸಿ ಹೇಳಬಲ್ಲ ಹುಡುಗನು ವಿವೇಕವನ್ನೇ ಅಭ್ಯಾಸ ಮಾಡುತ್ತಿದ್ದಾನೆ.

ಕಾಳಗವನ್ನು ವಿನೋದವೆಂದು ನೋಡುವುದು ಕನ್ನಡನಾಡಿಗೆ ಹೊಸದಲ್ಲ. 12ನೆಯ ಶತಮಾನದ ಪೂರ್ವಾರ್ಧದಲ್ಲಿ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ರಚಿಸಿದ ಮಾನಸೋಲ್ಲಾಸದ ವಿನೋದವಿಂಶತಿಯಲ್ಲಿ ಮಲ್ಲವಿನೋದಕ್ಕೆ ಸ್ಥಾನವಿದೆ. ಮಲ್ಲರನ್ನು ಜ್ಯೇಷ್ಠಿಕ, ಅಂತರ್ಜ್ಯೇಷ್ಠಿಕ, ಗೋವಲರೆಂದು ಅದು ವಿಂಗಡಿಸುತ್ತದೆ. ಮುಂದೆ ಶರಣರು ನೆರೆದದ್ದೂ ಅದೇ ಕಲ್ಯಾಣದಲ್ಲಿ. ಮೈಸೂರಿನ ದಸರೆಯಲ್ಲಿ ಜೆಟ್ಟಿಗಳು ಆಡುವ ವಜ್ರಮುಷ್ಟಿ ಕಾಳಗದಲ್ಲಿ ತಲೆಯಿಂದ ಮೊದಲ ಹನಿ ರಕ್ತ ಕಂಡೊಡನೆ ಕಾಳಗ ಮುಗಿಯುತ್ತದೆ. ರಕ್ತವು ಅಲ್ಲಿ ನಿಲ್ಲಿಸುವ ಗುರುತು. ಮಾರ್ಟಲ್ ಕಾಂಬ್ಯಾಟಿನಲ್ಲಿ ಮುಂದುವರಿಸುವ ಗುರುತು. ಇಂಥ ಭೇದವನ್ನು ಹಿರಿಯರು ಕಂಡು ಹೇಳಿದರೆ ಹುಡುಗರು ಕೇಳಿಯಾರು.

ಹೋಲಿಕೆಯನ್ನು ಶರಣರು ಬಿಟ್ಟವರಲ್ಲ. ಶೂನ್ಯಸಂಪಾದನೆಯಲ್ಲಿ ಗೋರಕ್ಷನು ತನ್ನ ವಜ್ರಕಾಯದ ಹೆಮ್ಮೆಯನ್ನು ಅಲ್ಲಮಪ್ರಭುವಿನ ಮುಂದೆ ತೋರುತ್ತಾನೆ. ಕತ್ತಿಯಿಂದ ಹೊಡೆದರೆ ಆ ದೇಹವು ಲೋಹದಂತೆ ಮೊಳಗುತ್ತದೆ. ಅದೇ ಕತ್ತಿಯನ್ನು ಗೋರಕ್ಷನು ಪ್ರಭುವಿನ ಮೇಲೆ ಬೀಸಿದಾಗ ಅದು ಬಯಲಿನಲ್ಲಿ ಬೀಸಿದಂತೆ ಹಾದುಹೋಗುತ್ತದೆ. ಎರಡು ಸಾಧನೆಗಳ ಹೋಲಿಕೆ ಇದಕ್ಕಿಂತ ಕಠಿಣವಾಗಿರಲಾರದು. ಆದರೆ ಪ್ರಭುವು ತೂಗಿದ್ದು ಸಾಧನೆಯನ್ನು. ಗೋರಕ್ಷನನ್ನು ಹಳಿಯಲಿಲ್ಲ, ಅವನಿಗೆ ಉಪದೇಶವಿತ್ತನು.

ಇನ್ನು ಅಂಕಿತಗಳನ್ನು ನೋಡಿ. ಬಸವಣ್ಣನವರಿಗೆ ಕೂಡಲಸಂಗಮದೇವ, ಅಲ್ಲಮನಿಗೆ ಗುಹೇಶ್ವರ, ಅಕ್ಕನಿಗೆ ಚೆನ್ನಮಲ್ಲಿಕಾರ್ಜುನ. ಅಂಬಿಗರ ಚೌಡಯ್ಯನಾದರೋ ತನ್ನ ಹೆಸರನ್ನೇ ಅಂಕಿತವಾಗಿಸಿಕೊಂಡನು. ಅಂಕಿತಗಳಲ್ಲಿ ಯಾವುದು ಮೇಲೆಂದು ಅನುಭವಮಂಟಪವು ಪಂದ್ಯ ಹೂಡಲಿಲ್ಲ. ಒಂದೇ ಮನೆಯಲ್ಲಿ ತಂದೆಯ ಇಷ್ಟಲಿಂಗ ತಂದೆಗೆ, ಮಗನದು ಮಗನಿಗೆ. ಪೂಜೆಗೆ ಕುಳಿತಾಗ ಒಬ್ಬನ ಅಂಗೈ ಇನ್ನೊಬ್ಬನ ಅಂಗೈಯನ್ನು ನೋಡುವುದಿಲ್ಲ. ಪರಮವಾದ ವಿಷಯದಲ್ಲಿಯೇ ಇಷ್ಟು ಬಿಡುವು ಕೊಟ್ಟ ಪರಂಪರೆಯವರು ಆರು ಗುಂಡಿಯ ಆಟವೋ ನಾಲ್ಕು ಗುಂಡಿಯದೋ ಎಂಬುದಕ್ಕೆ ತಮ್ಮನ ಮುಖ ನೋಡದಿರುವುದು ವಿಚಿತ್ರ.

ಹಾಗಾದರೆ ರುಚಿಯ ಹೆಸರಿನಲ್ಲಿ ಎಲ್ಲವೂ ಸಲ್ಲುವುದೇ ಎಂದು ಕೇಳಬಹುದು. ಸಲ್ಲದು. ಅಂಕಿತದಲ್ಲಿ ಉದಾರರಾದ ಶರಣರು ಪ್ರಾಣಿಬಲಿಯನ್ನು ಖಂಡಿಸುವಾಗ ಉದಾರರಾಗಿರಲಿಲ್ಲ. ಕೊಲ್ಲುವುದನ್ನು ನೋಡಿ ನಲಿಯುವುದು ಆಟದ ಬಗೆಯ ಪ್ರಶ್ನೆಯಲ್ಲ, ಮನಸ್ಸಿನ ಪ್ರಶ್ನೆ. ಅಮೆರಿಕದಲ್ಲಿಯೂ ಈ ಆಟದಿಂದ ಕಳವಳ ಹುಟ್ಟಿ, 1993ರಲ್ಲಿ ಸೆನೆಟ್ ಸಭೆಯ ವಿಚಾರಣೆ ನಡೆದು, 1994ರಲ್ಲಿ ಆಟಗಳಿಗೆ ವಯಸ್ಸಿನ ಗುರುತು ಹಾಕುವ ಏರ್ಪಾಡಾಯಿತು. ಮಾರ್ಟಲ್ ಕಾಂಬ್ಯಾಟ್ 17 ವರ್ಷ ಮೀರಿದವರದೆಂದು ಎಣಿಸಲ್ಪಟ್ಟಿತು. ಇತ್ತ 2023ರಲ್ಲಿ ಚೀನದಲ್ಲಿ ನಡೆದ ಏಷ್ಯನ್ ಕ್ರೀಡಾಕೂಟದಲ್ಲಿ ಸ್ಟ್ರೀಟ್ ಫೈಟರ್ ಪದಕದ ಸ್ಪರ್ಧೆಯಾಗಿತ್ತು. ಭಾರತದವರೂ ಅದರಲ್ಲಿ ಆಡಿದರು. ಲೋಕವೂ ಇವೆಲ್ಲವನ್ನೂ ಒಂದೇ ಎಂದು ಎಣಿಸಿಲ್ಲವೆಂಬುದಕ್ಕೆ ಇಷ್ಟು ಸಾಕು.

ಆದಕಾರಣ ಹನ್ನೆರಡು ವರ್ಷದ ಮಗನು ರಕ್ತದ ಆಟವನ್ನು ಆಡುತ್ತಿದ್ದರೆ ಗೃಹಸ್ಥನು ಅದನ್ನು ತಡೆಯಬೇಕು. ತಡೆಯುವ ಅಧಿಕಾರ ಅವನಿಗುಂಟು. ಆದರೆ ‘ನೀನು ಕಟುಕ’ ಎಂದು ಮಗನನ್ನು ಕರೆಯುವ ಅಧಿಕಾರವಿಲ್ಲ. ಆ ಹುಡುಗನು ಮೆಚ್ಚಿದ್ದು ರಕ್ತವನ್ನೋ, ಗುಂಡಿಗಳ ಚುರುಕನ್ನೋ, ಅಥವಾ ಗೆಳೆಯನೊಡನೆ ಕುಳಿತ ಆ ಅರ್ಧ ಗಂಟೆಯನ್ನೋ ಎಂಬುದು ಅವನನ್ನು ಕೇಳದೆ ತಿಳಿಯುವಂತಿಲ್ಲ. ಹೆತ್ತೂರಿನ ಮಳೆಗಾಲ ದೀರ್ಘವಾದುದು. ಕೇಳಲು ಬೇಕಾದಷ್ಟು ಸಂಜೆಗಳಿವೆ.