ಕೆಂಡ ಕೆದಕುವ ಕೈ

1999ರಲ್ಲಿ ಟೆಕ್ಸಾಸ್‌ನ ಲಾಕ್‌ಹಾರ್ಟ್ ಎಂಬ ಸಣ್ಣ ಊರಿನಲ್ಲಿ ಒಂದು ಮೆರವಣಿಗೆ ಹೊರಟಿತು. ನಟ್ಟನಡುವೆ ಇದ್ದದ್ದು ತಗಡಿನ ಬಾನಿ, ಅದರ ತುಂಬ ನಿಗಿನಿಗಿ ಕೆಂಡ. 1900ರಿಂದ ನಡೆದುಬಂದಿದ್ದ ಕ್ರೈಟ್ಸ್ ಮಾರ್ಕೆಟ್ ಎಂಬ ಬಾರ್ಬೆಕ್ಯೂ ಅಂಗಡಿಯ ಮನೆತನದಲ್ಲಿ ಮನಸ್ತಾಪ ಬೆಳೆದು, ಕಟ್ಟಡ ಸೋದರಿಯ ಪಾಲಿಗೂ ವ್ಯಾಪಾರ ಸೋದರನ ಪಾಲಿಗೂ ಉಳಿದಿತ್ತು. ಕಟ್ಟಡ ಬಿಟ್ಟು ಹೊರಟ ಸೋದರ ರಿಕ್ ಶ್ಮಿಟ್ ಹಳೇ ಒಲೆಯ ಕೆಂಡವನ್ನು ಬಾನಿಗೆ ತುಂಬಿ, ಪೊಲೀಸರ ಬೆಂಗಾವಲಿನಲ್ಲಿ ರಸ್ತೆಯ ಮೇಲೆ ಎಳೆದುಕೊಂಡು ಹೋಗಿ ಹೊಸ ಒಲೆಗೆ ಸುರಿದರು. ಹೊಸ ಜಾಗದಲ್ಲಿ ಒಂದು ಕಡ್ಡಿ ಗೀರಿದ್ದರೆ ಸಾಕಿತ್ತು. ಓಕ್ ಸೌದೆ ಅಲ್ಲೂ ಹಾಗೇ ಉರಿಯುತ್ತಿತ್ತು, ಮಾಂಸದ ರುಚಿ ಎಳ್ಳಷ್ಟೂ ಕೆಡುತ್ತಿರಲಿಲ್ಲ. ಆದರೂ ಬೆಂಕಿ ಹಳೆಯದೇ ಆಗಿರಬೇಕು, ಅದನ್ನು ಕೈಯಾರೆ ಒಯ್ಯಬೇಕು ಎಂದು ಅವರಿಗೆ ಅನ್ನಿಸಿತು.

ಅದೇ ಅಮೆರಿಕದಲ್ಲಿ ಈಗ ಹಿತ್ತಲಿನ ಸ್ಮೋಕರ್‌ಗೆ, ಅಂದರೆ ಮಾಂಸವನ್ನು ಹೊಗೆಯಲ್ಲಿ ನಿಧಾನ ಬೇಯಿಸುವ ಮುಚ್ಚಿದ ಒಲೆಗೆ, ಬೆಂಕಿ ಹಾಕಿ, ಆಫೀಸಿಗೆ ಹೋಗಿ ಕೂತು, ಮೀಟಿಂಗ್ ನಡುವೆ ಫೋನ್ ತೆಗೆದು ಉರಿಯನ್ನು ಏರಿಸಿ ಇಳಿಸುವವರಿದ್ದಾರೆ. ಬೆಂಕಿ ಒಂದು ಕಡೆ, ಬೆಂಕಿಯ ಯಜಮಾನ ಇನ್ನೊಂದು ಕಡೆ. ನಡುವೆ ವೈಫೈ, ಎಲ್ಲೋ ಒಂದು ಸರ್ವರ್. ಹಾಗಾದರೆ ಅಡುಗೆ ಮಾಡಿದವರು ಯಾರು? ಹತ್ತಿರ ಇಲ್ಲದವನು ಬೆಂಕಿ ಕಾಯುತ್ತಿದ್ದಾನೆ ಎನ್ನಬಹುದೇ? ತಮಾಷೆಯ ಪ್ರಶ್ನೆಯಂತೆ ಕಂಡರೂ ಧರ್ಮಶಾಸ್ತ್ರಗಳು ಇದನ್ನು ಶತಮಾನಗಳಿಂದ ಗಂಭೀರವಾಗಿಯೇ ಚರ್ಚಿಸಿವೆ. ಇಂಟರ್ನೆಟ್ ಆಗ ಇರಲಿಲ್ಲ, ಅಷ್ಟೇ.

ಮೊದಲು ಯಂತ್ರದ ಕೆಲಸ ಏನೆಂದು ನೋಡಬೇಕು. ಇದ್ದಿಲ ಸ್ಮೋಕರ್‌ನ ಕೆಳಗಿನ ಗಾಳಿಕಂಡಿಗೆ ಅಂಗೈಯಗಲದ ಒಂದು ಫ್ಯಾನ್ ಕೂರಿಸುತ್ತಾರೆ. ಜಾಲರಿಯ ಹತ್ತಿರ ಒಂದು ತಾಪದ ಸೂಜಿ, ಮಾಂಸದೊಳಗೆ ಇನ್ನೊಂದು. ಒಳಗೆ 110 ಡಿಗ್ರಿ ಸೆಲ್ಸಿಯಸ್ ಇರಬೇಕು ಎಂದು ಫೋನಿನಲ್ಲಿ ಹೇಳಿದರೆ ಆಯಿತು; ತಾಪ ಇಳಿದಾಗ ಫ್ಯಾನ್ ಗಾಳಿ ಊದುತ್ತದೆ, ಏರಿದಾಗ ಸುಮ್ಮನಾಗುತ್ತದೆ. ಯಾರಾದರೂ ಮುಚ್ಚಳ ತೆಗೆದರೆ ತಾಪ ದಿಢೀರನೆ ಬೀಳುತ್ತದೆ. ಪೆದ್ದ ಯಂತ್ರವಾದರೆ ಬೆಂಕಿ ಆರುತ್ತಿದೆ ಎಂದು ಗಾಬರಿಯಾಗಿ ಜೋರಾಗಿ ಊದಿಬಿಡುತ್ತದೆ, ಮುಚ್ಚಳ ಹಾಕಿದ ಮೇಲೆ ಒಳಗೆ ಕುಲುಮೆ. ಅದಕ್ಕೇ ಒಳ್ಳೆಯ ಕಂಟ್ರೋಲರ್‌ಗಳು ಈ ಕುಸಿತವನ್ನು ಗುರುತಿಸಿ ಕೆಲವು ನಿಮಿಷ ಫ್ಯಾನ್ ನಿಲ್ಲಿಸಿ ಕಾಯುತ್ತವೆ.

ಕಾಯುವುದೇ ಇಲ್ಲಿ ಕಷ್ಟದ ಕೆಲಸ. ದನದ ಎದೆಭಾಗದ ಮಾಂಸವಾದ ಬ್ರಿಸ್ಕೆಟ್ ಐದಾರು ಕಿಲೋ ಇದ್ದರೆ ಬೇಯಲು ಹತ್ತು ಹನ್ನೆರಡು ಗಂಟೆ ಬೇಕು. ಒಳಗಿನ ತಾಪ 65ರಿಂದ 75 ಡಿಗ್ರಿ ಮುಟ್ಟುವ ಹೊತ್ತಿಗೆ ಇದ್ದಕ್ಕಿದ್ದಂತೆ ನಿಂತುಬಿಡುತ್ತದೆ, ಕೆಲವೊಮ್ಮೆ ಗಂಟೆಗಟ್ಟಲೆ. ಮಾಂಸ ಬೆವರುತ್ತಿದೆ, ನೀರು ಆವಿಯಾಗುತ್ತ ಬಂದ ಶಾಖವನ್ನೆಲ್ಲ ಒಯ್ಯುತ್ತಿದೆ, ಕಾರಣ ಇಷ್ಟೇ. ಭೌತವಿಜ್ಞಾನಿ ಗ್ರೆಗ್ ಬ್ಲಾಂಡರ್ ನೀರಲ್ಲಿ ನೆನೆಸಿದ ಸ್ಪಂಜನ್ನು ಸ್ಮೋಕರ್‌ನಲ್ಲಿಟ್ಟು, ಅದರ ತಾಪವೂ ಹೀಗೇ ನಡುದಾರಿಯಲ್ಲಿ ನಿಲ್ಲುವುದನ್ನು ತೋರಿಸಿದರು. ಆದರೆ ರಾತ್ರಿ ಮೂರು ಗಂಟೆಗೆ ನಿಂತುಹೋದ ಅಂಕಿಯನ್ನು ನೋಡುತ್ತ ಕೂತವನಿಗೆ ಭೌತಶಾಸ್ತ್ರ ನೆನಪಾಗುವುದಿಲ್ಲ. ಉರಿ ಜಾಸ್ತಿ ಮಾಡಲು ಕೈ ತುರಿಸುತ್ತದೆ.

ಇದೆಲ್ಲ ಮೋಸವಲ್ಲವೇ ಎಂಬ ತಕರಾರು ಬಾರ್ಬೆಕ್ಯೂ ವಲಯದಲ್ಲಿ ಹಳೆಯದು. ಅಮೆರಿಕದ ಸ್ಪರ್ಧೆಗಳಲ್ಲಿ ದೊಡ್ಡ ಹೆಸರಾದ ಕಾನ್ಸಾಸ್ ಸಿಟಿ ಬಾರ್ಬೆಕ್ಯೂ ಸೊಸೈಟಿಯ ನಿಯಮ ಜಾಣತನದ್ದು: ಶಾಖ ಸೌದೆ, ಇದ್ದಿಲು ಅಥವಾ ಮರದ ಪೆಲೆಟ್‌ನಿಂದಲೇ ಬರಬೇಕು, ಗ್ಯಾಸ್ ಮತ್ತು ಕರೆಂಟಿನ ಶಾಖದಲ್ಲಿ ಬೇಯಿಸುವಂತಿಲ್ಲ. ಆದರೆ ಗಾಳಿ ಊದಲು ಕರೆಂಟು ಬಳಸಬಹುದು. ಬೆಂಕಿಗೆ ಮಡಿ ಇದೆ, ಗಾಳಿಗೆ ಇಲ್ಲ!

ಇತಿಹಾಸ ನೋಡಿದರೆ ಈ ತಕರಾರಿನಲ್ಲಿ ಹುರುಳು ಕಡಿಮೆ. ಯುರೋಪಿನ ರಸವಾದಿಗಳ ಬಳಿ ಒಂದು ಕುಲುಮೆ ಇತ್ತು. ಪಕ್ಕದ ಗೋಪುರದಲ್ಲಿ ತುಂಬಿಟ್ಟ ಇದ್ದಿಲು ತಾನಾಗಿ ಕೆಳಕ್ಕೆ ಜಾರಿ ಒಲೆಗೆ ಬೀಳುತ್ತಿದ್ದುದರಿಂದ ಅದಕ್ಕೆ ‘ಸೋಮಾರಿ ಹೆನ್ರಿ’ ಎಂದು ಅಡ್ಡಹೆಸರಿಟ್ಟಿದ್ದರು. 17ನೇ ಶತಮಾನದ ಮೊದಲ ಭಾಗದಲ್ಲಿ, ಇಂಗ್ಲೆಂಡಿನ ದೊರೆ ಒಂದನೇ ಜೇಮ್ಸ್‌ನ ಆಶ್ರಯದಲ್ಲಿದ್ದ ಡಚ್ ಕುಶಲಿ ಕಾರ್ನೆಲಿಸ್ ಡ್ರೆಬೆಲ್ ಇನ್ನೂ ಮುಂದೆ ಹೋಗಿ, ಪಾದರಸ ಏರಿದಂತೆ ಗಾಳಿಕಂಡಿ ತಾನೇ ಮುಚ್ಚಿಕೊಳ್ಳುವ ಒಲೆ ಕಟ್ಟಿದ. ಇಂದಿನ ಕಂಟ್ರೋಲರ್ ಮಾಡುವುದೂ ಅದನ್ನೇ. ಅದರೊಳಗಿನ ಗಣಿತಕ್ಕೆ ತಳಹದಿ ಹಾಕಿದವರಲ್ಲಿ ನಿಕೊಲಾಸ್ ಮಿನೋರ್ಸ್ಕಿ ಒಬ್ಬ. 1922ರ ಅವನ ಲೇಖನ ಹಡಗು ನಡೆಸುವುದರ ಕುರಿತದ್ದು. ಅನುಭವಿ ಚಾಲಕರು ಚುಕ್ಕಾಣಿಯನ್ನು ಹೇಗೆ ತಿರುಗಿಸುತ್ತಾರೆ ಎಂದು ಗಮನಿಸಿಯೇ ಅವನು ಸೂತ್ರ ಕಟ್ಟಿದ. ಯಂತ್ರ ಕೈಯಿಂದಲೇ ಕಲಿತಿದೆ.

ಈ ವಿಚಾರದಲ್ಲಿ ತತ್ತ್ವಶಾಸ್ತ್ರದ ಕಡೆಯಿಂದ ಬಂದ ಗಟ್ಟಿ ಆಕ್ಷೇಪ ಆಲ್ಬರ್ಟ್ ಬೋರ್ಗ್‌ಮನ್‌ನದು. ಮೊಂಟಾನಾ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳುತ್ತಿದ್ದ ಇವನು (2023ರಲ್ಲಿ ತೀರಿಕೊಂಡ) 1984ರ ತನ್ನ ಪುಸ್ತಕದಲ್ಲಿ ಸೌದೆ ಒಲೆಯನ್ನೂ ಮನೆಯಿಡೀ ಬೆಚ್ಚಗಿಡುವ ಹೀಟರನ್ನೂ ಎದುರುಬದುರು ಇಟ್ಟ. ಒಲೆಯ ಸುತ್ತ ಮನೆಮಂದಿಗೆಲ್ಲ ಒಂದೊಂದು ಕೆಲಸವಿತ್ತು, ಹೊತ್ತಿಗೊಂದು ಲಯವಿತ್ತು. ಹೀಟರ್ ಬಂದ ಮೇಲೆ ಬಿಸಿ ಮಾತ್ರ ಸಿಕ್ಕಿತು, ಉಳಿದದ್ದೆಲ್ಲ ಕಣ್ಮರೆಯಾಯಿತು ಎಂಬುದು ಅವನ ವಾದ. ಇದರಲ್ಲಿ ಅರ್ಧ ನಿಜವಿದೆ. ಇನ್ನರ್ಧ, ಬೇರೆಯವರ ದುಡಿತವನ್ನು ದೂರದಿಂದ ನೋಡಿ ಮೆಚ್ಚಿದ್ದು. ಅಮೆರಿಕದ ದಕ್ಷಿಣದಲ್ಲಿ ಗುಲಾಮಗಿರಿಯ ಕಾಲದ ದೊಡ್ಡ ದೊಡ್ಡ ಬಾರ್ಬೆಕ್ಯೂ ಔತಣಗಳಿಗೆ ಹಳ್ಳ ತೋಡಿ, ರಾತ್ರಿಯಿಡೀ ಕೆಂಡ ಕಾದವರು ಗುಲಾಮರಾಗಿದ್ದ ಕಪ್ಪುಜನ. ಅವರ ನಿದ್ದೆಗೆಟ್ಟ ರಾತ್ರಿಗಳನ್ನು ಯಾರೂ ಧ್ಯಾನ ಎಂದು ಕರೆದಿರಲಾರರು. ರಾತ್ರಿಪಾಳಿಯನ್ನು ಒಂದು ಫ್ಯಾನ್ ಮಾಡುವುದಾದರೆ ಅದಕ್ಕೆ ದುಃಖಪಡಬೇಕಾದ್ದು ಏನೂ ಇಲ್ಲ.

ಹಾಗಾಗಿ ಸೋಮಾರಿತನದ ತಕರಾರನ್ನು ಪಕ್ಕಕ್ಕಿಡಬಹುದು. ಬೆಂಕಿಯನ್ನು ಬಿಟ್ಟು ಹೋಗುವುದು ಹೇಗೆ ಎಂಬ ಪ್ರಶ್ನೆಗೆ ಯಹೂದಿ ಧರ್ಮಶಾಸ್ತ್ರದಷ್ಟು ತಲೆ ಕೆಡಿಸಿಕೊಂಡದ್ದು ಇನ್ನೊಂದಿಲ್ಲ. ಶುಕ್ರವಾರ ಸಂಜೆಯಿಂದ ಶನಿವಾರ ರಾತ್ರಿಯವರೆಗೆ, ಸಬ್ಬತ್ತಿನ ಹೊತ್ತಿನಲ್ಲಿ, ಬೆಂಕಿ ಹೊತ್ತಿಸುವಂತಿಲ್ಲ, ಬೇಯಿಸುವಂತಿಲ್ಲ. ಆದರೆ ಮೊದಲೇ ಹೊತ್ತಿಸಿದ ಬೆಂಕಿಯ ಮೇಲೆ ಮೊದಲೇ ಇಟ್ಟ ಪಾತ್ರೆ ಅಲ್ಲೇ ಇರಬಹುದು. ಮಾಂಸ, ಕಾಳು, ಬಾರ್ಲಿ ಹಾಕಿ ರಾತ್ರಿಯಿಡೀ ಸಣ್ಣ ಉರಿಯಲ್ಲಿ ಬಿಡುವ ಚೋಲೆಂಟ್ ಹುಟ್ಟಿದ್ದು ಹೀಗೆ. ಪೂರ್ವ ಯುರೋಪಿನ ಊರುಗಳಲ್ಲಿ ಶುಕ್ರವಾರ ಮನೆಮನೆಯ ಮಡಕೆಗಳು ಬೇಕರಿಯವನ ಒಲೆಗೆ ಹೋಗಿ ಮರುದಿನ ಮಧ್ಯಾಹ್ನ ವಾಪಸು ಬರುತ್ತಿದ್ದವು.

ಕ್ರಿ.ಶ. 200ರ ಸುಮಾರಿಗೆ ಸಂಕಲನಗೊಂಡ ಮಿಷ್ನಾ ಎಂಬ ಯಹೂದಿ ಧರ್ಮಸಂಹಿತೆಯಲ್ಲಿ ಇದಕ್ಕೊಂದು ಸೂಕ್ಷ್ಮ ಷರತ್ತಿದೆ. ಒಣಹುಲ್ಲು, ಕೂಳೆ ಉರಿಸಿದ ಒಲೆಯಾದರೆ ಪಾತ್ರೆ ಬಿಡಬಹುದು. ಸೌದೆ ಉರಿಸಿದ ಒಲೆಯಾದರೆ, ಕೆಂಡ ಬಾಚಿ ತೆಗೆಯುವವರೆಗೆ ಅಥವಾ ಬೂದಿ ಮುಚ್ಚುವವರೆಗೆ ಬಿಡಬಾರದು. ಯಾಕೆ? ಹುಲ್ಲಿನ ಬೆಂಕಿಯಲ್ಲಿ ಕೆದಕಲು ಏನೂ ಉಳಿದಿರುವುದಿಲ್ಲ. ಕೆಂಡ ಎದುರಿಗಿದ್ದರೆ, ಅಡುಗೆ ತಡವಾಗುತ್ತಿದೆ ಅನ್ನಿಸಿದ ಕ್ಷಣ ಮನುಷ್ಯ ಮರೆತು ಕೆದಕಿಬಿಡುತ್ತಾನೆ ಎಂಬ ಭಯ ಎಂದು ಮಿಷ್ನಾದ ಮೇಲಿನ ಚರ್ಚೆಗಳ ಗ್ರಂಥವಾದ ತಾಲ್ಮುದ್ ವಿವರಿಸುತ್ತದೆ. ಶಾಸ್ತ್ರಕಾರರಿಗೆ ಬೆಂಕಿಯ ಮೇಲೆ ಅನುಮಾನವಿರಲಿಲ್ಲ, ಕೈಯ ಮೇಲಿತ್ತು. ಬೂದಿ ಮುಚ್ಚುವುದೆಂದರೆ, ಈ ಬೆಂಕಿಯ ಬಗ್ಗೆ ಮಾಡಬೇಕಾದ್ದನ್ನೆಲ್ಲ ಮಾಡಿ ಮುಗಿಸಿದ್ದೇನೆ ಎಂದು ಕಣ್ಣಿಗೆ ಕಾಣುವಂತೆ ಒಪ್ಪಿಕೊಳ್ಳುವುದು. ಹೆಪ್ಪು ಹಾಕಿದ ಹಾಲಿನ ಪಾತ್ರೆಯನ್ನು ಅಲ್ಲಾಡಿಸದೆ ಬಿಡುವ ಹಾಗೆ.

ಕರೆಂಟು ಬಂದ ಮೇಲೂ ಈ ಎಚ್ಚರ ಸಡಿಲವಾಗಲಿಲ್ಲ. 20ನೇ ಶತಮಾನದ ದೊಡ್ಡ ತೀರ್ಪುಗಾರರಲ್ಲಿ ಒಬ್ಬರಾದ, ನ್ಯೂಯಾರ್ಕಿನ ರಬ್ಬಿ ಮೋಶೆ ಫೈನ್‌ಸ್ಟೈನ್, ಮೊದಲೇ ಹೊಂದಿಸಿಟ್ಟ ಟೈಮರಿನಿಂದ ಸಬ್ಬತ್ತಿನ ದಿನ ದೀಪ ಹತ್ತಿ ಆರುವುದನ್ನು ಒಪ್ಪಿದರು, ಬೇರೆ ಕೆಲಸಗಳಿಗೆ ಅದನ್ನು ವಿಸ್ತರಿಸಲು ಒಪ್ಪಲಿಲ್ಲ. ಟೈಮರಿಗೆ ಎಲ್ಲವನ್ನೂ ವಹಿಸಬಹುದಾದರೆ ಇಡೀ ಕಾರ್ಖಾನೆಯನ್ನೇ ನಡೆಸಬಹುದು, ಆಮೇಲೆ ವಿರಾಮದ ದಿನಕ್ಕೆ ಅರ್ಥವೇನು ಎಂಬುದು ಅವರ ಕಳವಳ. ಎಲ್ಲರೂ ಅಷ್ಟು ಬಿಗಿಯಲ್ಲ. 1990ರ ದಶಕದ ಕೊನೆಯಲ್ಲಿ ಸ್ಟಾರ್-ಕೆ ಎಂಬ ಕೋಷರ್ (ಯಹೂದಿ ಆಹಾರನಿಯಮ) ಸಂಸ್ಥೆ ವರ್ಲ್‌ಪೂಲ್ ಕಂಪನಿಯ ಜೊತೆ ಸೇರಿ ಓವನ್‌ಗೆ ‘ಸಬ್ಬತ್ ಮೋಡ್’ ತಂದಿತು. ಬಾಗಿಲು ತೆಗೆದರೆ ದೀಪ ಹತ್ತುವುದಿಲ್ಲ, ಪರದೆಯ ಮೇಲೆ ಅಂಕಿ ಬದಲಾಗುವುದಿಲ್ಲ, ಬೀಪ್ ಕೂಗುವುದಿಲ್ಲ. ದುಬಾರಿ ಓವನ್ ಒಂದು ದಿನದ ಮಟ್ಟಿಗೆ ಮೂಕವಾಗುತ್ತದೆ.

ಇದನ್ನು ಸ್ಮೋಕರ್ ಆ್ಯಪ್‌ನ ಪಕ್ಕದಲ್ಲಿಟ್ಟು ನೋಡಬೇಕು. ಅಲ್ಲಿ ನಿಮಿಷ ನಿಮಿಷಕ್ಕೂ ಗ್ರಾಫ್ ಬೆಳೆಯುತ್ತದೆ, ಎರಡು ಡಿಗ್ರಿ ಹೆಚ್ಚುಕಡಿಮೆಯಾದರೆ ಫೋನ್ ಗುಂಯ್‌ಗುಡುತ್ತದೆ. ಮಿಷ್ನಾ ಬೂದಿಯಡಿ ಮುಚ್ಚಿಟ್ಟ ಕೆಂಡವನ್ನು ಆ್ಯಪ್ ಜೇಬಿನಲ್ಲಿ ಇಡುತ್ತದೆ. ಟೆಕ್ಸಾಸ್‌ನ ಹಳಬರಿಗೂ ಈ ವಿವೇಕ ಗೊತ್ತಿತ್ತು, ಮುಚ್ಚಳ ತೆಗೆದು ನೋಡುತ್ತಿದ್ದರೆ ಅಡುಗೆ ಆಗುವುದಿಲ್ಲ ಎಂದು ಅವರಲ್ಲಿ ಮಾತಿದೆ. ಯಂತ್ರ ಈಗ ಮುಚ್ಚಳ ತೆಗೆಯದೆಯೇ ಇಣುಕುವ ದಾರಿ ಮಾಡಿಕೊಟ್ಟಿದೆ. ಇಣುಕಿದವನು ಸುಮ್ಮನಿರುವುದು ಕಷ್ಟ.

ದೂರದಿಂದ ಮಾಡಿದ ಅಡುಗೆ ಯಾರದು ಎಂಬುದಕ್ಕೂ ಇದೇ ಯಹೂದಿ ಶಾಸ್ತ್ರದಲ್ಲಿ ಒಂದು ಎಳೆ ಇದೆ. ಅರಸರ ಪಂಕ್ತಿಗೆ ಬಡಿಸಬಹುದಾದಂಥ ಅಡುಗೆಯಲ್ಲಿ ಯಹೂದಿಯೊಬ್ಬನ ಕೈ ಇರಲೇಬೇಕು ಎಂಬುದು ನಿಯಮ. (ಆಲೂಗಡ್ಡೆ ಚಿಪ್ಸ್ ಅರಸರ ಪಂಕ್ತಿಗೆ ಸಲ್ಲುತ್ತದೆಯೇ ಎಂದು ಪಂಡಿತರು ಚರ್ಚಿಸಿದ್ದಾರೆ.) ಎಷ್ಟು ಕೈ ಇದ್ದರೆ ಸಾಕು? 16ನೇ ಶತಮಾನದಲ್ಲಿ ಸಫೆದ್‌ನಲ್ಲಿದ್ದ ಯೋಸೆಫ್ ಕಾರೋ ಪಾತ್ರೆಯನ್ನು ಒಲೆಯ ಮೇಲೆ ಇಡುವುದಾದರೂ ಅವನಾಗಿರಬೇಕು ಎಂದ. ಅದೇ ಕಾಲದಲ್ಲಿ ಕ್ರಾಕೋವ್‌ನಲ್ಲಿದ್ದ ಮೋಶೆ ಇಸ್ಸರ್ಲೆಸ್ ಬೆಂಕಿ ಹೊತ್ತಿಸಿದರೆ ಸಾಕು, ಉರಿಯುವ ಒಲೆಗೆ ಒಂದು ಸೌದೆಚೂರು ಎಸೆದರೂ ನಡೆಯುತ್ತದೆ ಎಂದ. ಇಂದು ಆಹಾರ ಕಾರ್ಖಾನೆಯ ಬಾಯ್ಲರನ್ನು ಬೇರೆ ಊರಿನಲ್ಲಿ ಕೂತ ರಬ್ಬಿ ಫೋನ್ ಅಥವಾ ಇಂಟರ್ನೆಟ್ ಮೂಲಕ ಹೊತ್ತಿಸಿದರೆ ಅದು ಆ ಸೌದೆಚೂರಿಗೆ ಸಮವೇ ಎಂಬುದು ಕೋಷರ್ ವಲಯದ ನಿಜವಾದ ಚರ್ಚೆ. ಒತ್ತಿದ ಬೆರಳು ಅವನದೇ, ಪರಿಣಾಮವೂ ಅವನು ಬಯಸಿದ್ದೇ ಎನ್ನುವವರಿದ್ದಾರೆ. ನಡುವೆ ಇಷ್ಟೊಂದು ಕೊಂಡಿಗಳಿರುವಾಗ ಅದನ್ನು ಹೊತ್ತಿಸುವುದು ಎನ್ನಲಾಗದು ಎನ್ನುವವರೂ ಇದ್ದಾರೆ.

ದೂರದ ಬೆಂಕಿಯ ಚಿಂತೆ ಭಾರತದ ವೈದಿಕರನ್ನೂ ಕಾಡಿತ್ತು. ಅಗ್ನಿಹೋತ್ರಿ ಬೆಳಿಗ್ಗೆ ಸಂಜೆ ತಪ್ಪದೆ ಹೋಮ ಮಾಡಬೇಕು, ಆದರೆ ಅವನಿಗೂ ಪ್ರಯಾಣ ತಪ್ಪಿದ್ದಲ್ಲ. ಶತಪಥ ಬ್ರಾಹ್ಮಣದ 11ನೇ ಕಾಂಡದಲ್ಲಿ ಜನಕ ಯಾಜ್ಞವಲ್ಕ್ಯನನ್ನು ಅಗ್ನಿಹೋತ್ರದ ಬಗ್ಗೆ ಪಟ್ಟುಬಿಡದೆ ಕೇಳುತ್ತಾನೆ. ಹಾಲಿಲ್ಲದಿದ್ದರೆ? ಧಾನ್ಯವಿಲ್ಲದಿದ್ದರೆ? ನೀರೂ ಇಲ್ಲದಿದ್ದರೆ? ಕೊನೆಗೆ ಉಳಿಯುವುದು ಶ್ರದ್ಧೆಯಲ್ಲಿ ಸತ್ಯದ ಹೋಮ. ಅದರ ಬೆನ್ನಿಗೇ ಬರುವ ಶ್ಲೋಕಗಳು ಕೇಳುವುದು ಪರಸ್ಥಳಕ್ಕೆ ಹೋದವನು ತನ್ನ ಅಗ್ನಿಗಳೊಡನೆ ಸಂಬಂಧ ಕಡಿಯದೆ ಇರುವುದು ಹೇಗೆ ಎಂದು. ಉತ್ತರ ಮನಸ್ಸಿನ ಕಡೆ ಬೆರಳು ಮಾಡುತ್ತದೆ, ಲೋಕದಲ್ಲಿ ಅದರಷ್ಟು ವೇಗ ಇನ್ನಾವುದಕ್ಕೂ ಇಲ್ಲ. ಶ್ರೌತ ವಿಧಿ ಇದನ್ನು ಬಾಯಿಮಾತಿಗೆ ಬಿಡಲಿಲ್ಲ. ಹೊರಡುವ ಮುನ್ನ ಅಗ್ನಿಗಳ ಎದುರು ನಿಂತು ಹೇಳಿ ಹೋಗಬೇಕು, ಬಂದ ಮೇಲೆ ಮತ್ತೆ ನಿಲ್ಲಬೇಕು. ಮನೆಯಲ್ಲಿ ಬೇರೊಬ್ಬರು ಆಹುತಿ ಕೊಡುತ್ತಾರೆ. ಅದೇ ಹೊತ್ತಿಗೆ ಪ್ರಯಾಣಿಕ ಎಲ್ಲಿದ್ದರೂ ಮನೆಯ ದಿಕ್ಕಿಗೆ ತಿರುಗಿ ಅಗ್ನಿಯನ್ನು ನೆನೆಯುತ್ತಾನೆ.

ಇಲ್ಲಿ ಬಿಡುಗಡೆ ಇರುವುದು ‘ಅದೇ ಹೊತ್ತಿಗೆ’ ಎಂಬಲ್ಲಿ. ದಿನಕ್ಕೆ ಎರಡು ಸಲ ನೆನೆದರೆ ಮಿಕ್ಕ ಸಮಯವೆಲ್ಲ ಅವನದು. ಸಬ್ಬತ್ತಿನ ಮನೆಯವರಿಗೆ ಬೂದಿ ಮುಚ್ಚಿದ ಮೇಲೆ ಬೆಂಕಿಯ ಹಂಗಿಲ್ಲ. ಬಾರ್ಬೆಕ್ಯೂ ಬೆಂಕಿ ಕಾಯುವ ಹಳೇ ಕಾಲದ ಪಿಟ್‌ಮಾಸ್ಟರ್ ಒಲೆಯ ಬುಡದಲ್ಲೇ ಇರುತ್ತಿದ್ದ, ಆದ್ದರಿಂದ ಅವನಿಗೆ ಬೇರೆಲ್ಲೂ ಇರಬೇಕಾದ ತಾಪತ್ರಯವಿರಲಿಲ್ಲ. ಆ್ಯಪ್ ಇಟ್ಟುಕೊಂಡವನಿಗೆ ಇದ್ಯಾವುದೂ ಸಿಗಲಿಲ್ಲ. ಮೈಯ ದುಡಿತ ಹೋಯಿತು, ಧ್ಯಾಸ ಉಳಿಯಿತು. ಮಗಳ ಶಾಲೆಯ ನಾಟಕ ನೋಡುತ್ತಿದ್ದಾನೆ, ಬೆರಳು ಬ್ರಿಸ್ಕೆಟ್‌ನ ಗ್ರಾಫ್ ಎಳೆಯುತ್ತಿದೆ. ಯಂತ್ರದ ಮೇಲೆ ಹೊರಿಸಬಹುದಾದ ನಿಜವಾದ ದೂರು ಇದೇ ಇರಬೇಕು. ದೂರ ಹೋಗಲು ಅನುಕೂಲ ಮಾಡಿಕೊಟ್ಟಿತು, ಬಿಟ್ಟು ಹೋಗುವ ವಿಧಿಯನ್ನು ಕಲಿಸಲಿಲ್ಲ.

ಅದರ ಜೊತೆಗೆ ಅಪರಿಚಿತರ ಕಾಟವೂ ಸೇರಿತು. 2024ರಲ್ಲಿ ಬಿಷಪ್ ಫಾಕ್ಸ್ ಎಂಬ ಭದ್ರತಾ ಸಂಸ್ಥೆ ಟ್ರೇಗರ್ ಕಂಪನಿಯ ಗ್ರಿಲ್‌ಗಳ ವೈಫೈ ವ್ಯವಸ್ಥೆಯಲ್ಲಿ ಲೋಪ ಪತ್ತೆಹಚ್ಚಿತು. ಗ್ರಿಲ್‌ನ ಗುರುತು ಸಂಖ್ಯೆ ಸಿಕ್ಕಿದವರು ಎಲ್ಲೋ ಕೂತು ಇನ್ನೊಬ್ಬರ ಉರಿ ಏರಿಸಬಹುದಿತ್ತು, ಆರಿಸಲೂಬಹುದಿತ್ತು. ಕಂಪನಿ ಅದನ್ನು ಸರಿಪಡಿಸಿತು. ಸರಿಪಡಿಸುವ ಮುನ್ನ ಯಾರೋ ಕಿಡಿಗೇಡಿ ಉರಿ ಏರಿಸಿ ಮಾಂಸ ಹದವಾಗಿ ಬೆಂದಿದ್ದರೆ, ಆ ಅಡುಗೆ ಯಾರದು? ಕಾರೋನ ಲೆಕ್ಕದಲ್ಲಿ ಜಾಲರಿಯ ಮೇಲೆ ಮಾಂಸ ಇಟ್ಟವನದು. ಇಸ್ಸರ್ಲೆಸ್‌ನ ಲೆಕ್ಕದಲ್ಲಿ ಕಿಡಿಗೇಡಿಗೂ ಒಂದು ಪಾಲು ಹೋಗಬೇಕಾದೀತು.

ಹಲವು ಕಂಪನಿಗಳ ಸ್ಮೋಕರ್‌ಗಳಲ್ಲಿ ಒಂದು ಕೆಲಸ ಮಾತ್ರ ಫೋನಿನಿಂದ ಆಗುವುದಿಲ್ಲ. ತಾಪ ಬದಲಿಸಬಹುದು, ಆರಿಸಬಹುದು. ಹೊತ್ತಿಸಲು ಮಾತ್ರ ಎದ್ದು ಹಿತ್ತಲಿಗೆ ಹೋಗಿ, ಸುತ್ತಮುತ್ತ ನೋಡಿ, ಗುಂಡಿ ಒತ್ತಬೇಕು. ಇದರ ಹಿಂದೆ ಯಾವ ರಬ್ಬಿಯೂ ಇಲ್ಲ, ಬೆಂಕಿ ಅನಾಹುತದ ಭಯವಿದೆ. ಸ್ಮೋಕರ್ ಜೊತೆ ಪೆಟ್ಟಿಗೆಯಲ್ಲಿ ಬರುವ ಕೈಪಿಡಿಗಳು ಉರಿಯುವ ಸ್ಮೋಕರ್ ಬಿಟ್ಟು ಎಲ್ಲಿಗೂ ಹೋಗಬೇಡಿ ಎಂದು ಎಚ್ಚರಿಸುವುದೂ ಇದೇ ಭಯಕ್ಕೆ. ಜಾಹೀರಾತಿನಲ್ಲಿ ಮಾತ್ರ ಗಿರಾಕಿ ಮೀನು ಹಿಡಿಯಲು ಹೋಗಿರುತ್ತಾನೆ.