ನೆನಪಿನ ಕಾವಲು ಯಾರ ಹೊಣೆ?

“ಅರವತ್ತಕ್ಕೆ ಅರಳುಮರಳು” ಎಂಬ ಗಾದೆಯಲ್ಲಿ ಪರಿಹಾಸವಿರುವಂತೆ ಕರುಣೆಯೂ ಇದೆ. ವೃದ್ಧನು ಇಟ್ಟ ವಸ್ತುವನ್ನು ಮರೆತರೆ, ಆಡಿದ ಮಾತನ್ನೇ ಮತ್ತೆ ಆಡಿದರೆ, ಮನೆಯವರು ಅದನ್ನು ವಯಸ್ಸಿನ ಲೆಕ್ಕಕ್ಕೆ ಬರೆದು ಸುಮ್ಮನಾಗುತ್ತಿದ್ದರು. ದೋಷವು ಕಾಲದ್ದೆಂದಾದ ಮೇಲೆ ಮನುಷ್ಯನನ್ನು ದೂರುವವರಾರು? ಅಜ್ಞಾನದಿಂದ ಹುಟ್ಟಿದ ನುಡಿಯಾದರೂ ಅದು ಮುಪ್ಪಿಗೆ ಒಂದು ಬಗೆಯ ರಕ್ಷೆಯಾಗಿತ್ತು.

ವಿಜ್ಞಾನವು ಈಗ ಆ ರಕ್ಷೆಯನ್ನು ಸಡಿಲಿಸಿದೆ. ಬುದ್ಧಿಯ ಕ್ಷಯಕ್ಕೆ ಮುಪ್ಪೊಂದೇ ಕಾರಣವಲ್ಲ. ಲ್ಯಾನ್ಸೆಟ್ ಪತ್ರಿಕೆಯ ತಜ್ಞಮಂಡಲಿಯು 2024ರಲ್ಲಿ ಇದಕ್ಕೆ ಒದಗುವ, ಮಾರ್ಪಡಿಸಲು ಸಾಧ್ಯವಾದ 14 ಕಾರಣಗಳನ್ನು ಎಣಿಸಿತು. ಅವೆಲ್ಲವನ್ನೂ ತೊಡೆದುಹಾಕಬಹುದಾದರೆ ಜಗತ್ತಿನ ಡಿಮೆನ್ಷಿಯಾ ಪ್ರಸಂಗಗಳಲ್ಲಿ ನೂರಕ್ಕೆ ಸುಮಾರು 45ನ್ನು ತಡೆಯಬಹುದು ಇಲ್ಲವೆ ಮುಂದೂಡಬಹುದು ಎಂಬುದು ಅದರ ಅಂದಾಜು. ಫಿನ್ಲೆಂಡ್ ದೇಶದಲ್ಲಿ ಅಪಾಯದ ಅಂಚಿನಲ್ಲಿದ್ದ 1,260 ಮಂದಿಯನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಎರಡು ವರ್ಷಕಾಲ ಆಹಾರ, ವ್ಯಾಯಾಮ, ಬುದ್ಧಿಯ ಅಭ್ಯಾಸ, ರಕ್ತದೊತ್ತಡದ ತಪಾಸಣೆ ಇವುಗಳನ್ನು ಒಟ್ಟಿಗೆ ಒದಗಿಸಿದರು. ಆ ಗುಂಪಿನವರ ಬುದ್ಧಿಶಕ್ತಿಯು ಇತರರದಕ್ಕಿಂತ ಮೇಲಾಗಿ ನಿಂತಿತೆಂದು 2015ರಲ್ಲಿ ಪ್ರಕಟವಾಯಿತು.

ಇಂಥ ಉಪಚಾರವನ್ನು ಲಕ್ಷಾಂತರ ಜನರಿಗೆ ಮುಟ್ಟಿಸುವುದು ಹೇಗೆ? ಅಷ್ಟು ಮಂದಿ ವೈದ್ಯರೂ ಇಲ್ಲ, ಅಷ್ಟು ಧನವೂ ಇಲ್ಲ. ಇಲ್ಲಿ ಗಣಕಯಂತ್ರವು ನೆರವಿಗೆ ಬಂದಿತು. ಆಸ್ಟ್ರೇಲಿಯದಲ್ಲಿ ಹೆನ್ರಿ ಬ್ರೊಡಾಟಿಯವರ ನೇತೃತ್ವದಲ್ಲಿ, 55ರಿಂದ 77 ವರ್ಷದೊಳಗಿನ 6,104 ಮಂದಿಯ ಮೇಲೆ ಮೂರು ವರ್ಷದ ಪರೀಕ್ಷೆಯೊಂದು ನಡೆಯಿತು. ಅರ್ಧದಷ್ಟು ಜನರಿಗೆ ಅವರವರ ಅಪಾಯಕ್ಕೆ ತಕ್ಕ ಪಾಠಗಳು ಅಂತರ್ಜಾಲದ ಮೂಲಕ ಮನೆಗೇ ಬಂದುವು. ಉಳಿದವರಿಗೆ ಸಾಮಾನ್ಯ ತಿಳಿವಳಿಕೆಯನ್ನು ಮಾತ್ರ ಕೊಡಲಾಯಿತು. ಮೊದಲನೆಯವರ ಬುದ್ಧಿಪರೀಕ್ಷೆಯ ಅಂಕಗಳು ಹೆಚ್ಚು ಉತ್ತಮಗೊಂಡುವೆಂದು 2025ರಲ್ಲಿ ತಿಳಿದುಬಂದಿತು. ಅಂಕಗಳ ವೃದ್ಧಿಯೆಂದರೆ ರೋಗದ ತಡೆಯೆಂದಲ್ಲ. ಆದರೂ ಸುದ್ದಿಯು ಶುಭಸುದ್ದಿಯೇ.

ಆದರೆ ಪ್ರತಿಯೊಂದು ಹೊಸ ಶಕ್ತಿಯೂ ತನ್ನ ಬೆನ್ನಿಗೆ ಒಂದು ಹೊಸ ಹೊಣೆಯನ್ನು ಕಟ್ಟಿಕೊಂಡೇ ಬರುತ್ತದೆ. ತಡೆಯಬಹುದಾಗಿದ್ದ ಕೇಡನ್ನು ತಡೆಯದೆ ಹೋದವನು ತಪ್ಪಿತಸ್ಥನಲ್ಲವೆ ಎಂಬ ಪ್ರಶ್ನೆ ಸಹಜವಾಗಿಯೇ ಏಳುತ್ತದೆ. ಪಾಠಗಳು ಕೈಯೊಳಗಿನ ಯಂತ್ರದಲ್ಲಿದ್ದೂ ಅವನ್ನು ತೆರೆಯದೆ, ನಡೆಯದೆ, ನಾಲಗೆಯನ್ನು ಬಿಗಿಹಿಡಿಯದೆ ಇದ್ದು, ಕಡೆಗೆ ಮಕ್ಕಳ ಹೆಸರನ್ನೇ ಮರೆತವನನ್ನು ಕುರಿತು, “ಇದು ನೀನೇ ಬಿತ್ತಿದ ಬೆಳೆ” ಎಂದು ಲೋಕವು ಹೇಳಬಹುದೆ?

ಹಾಗೆ ಹೇಳುವುದು ಲೆಕ್ಕಕ್ಕೂ ಧರ್ಮಕ್ಕೂ ವಿರುದ್ಧವಾದುದು. ನೂರಕ್ಕೆ 45 ಎಂಬುದು ಜನಸಮುದಾಯವನ್ನು ಕುರಿತ ಮಾತು. ಅದರಿಂದ ಯಾವ ಒಬ್ಬ ವ್ಯಕ್ತಿಯ ಮರೆವಿಗೂ ಕಾರಣವನ್ನು ಹೇಳಬರುವುದಿಲ್ಲ. ನಿಯಮದಿಂದ ಬಾಳಿದವನಿಗೂ ಈ ರೋಗವು ತಟ್ಟುವುದುಂಟು. ಅನಿಯಮದಿಂದ ಬಾಳಿದವನು ತೊಂಬತ್ತರಲ್ಲಿಯೂ ಚುರುಕಾಗಿರುವುದುಂಟು. ಅಲ್ಲದೆ ಆ 14 ಕಾರಣಗಳ ಪಟ್ಟಿಯಲ್ಲಿ ಬಾಲ್ಯದ ವಿದ್ಯಾಭ್ಯಾಸದ ಕೊರತೆಯಿದೆ, ಗಾಳಿಯ ಮಾಲಿನ್ಯವಿದೆ, ಒಂಟಿತನವಿದೆ. ಬಾಲಕನು ತನಗೆ ತಾನೇ ಶಾಲೆಯನ್ನು ಕಟ್ಟಿಕೊಳ್ಳಬಲ್ಲನೆ? ಬೀದಿಯ ಹೊಗೆಯನ್ನು ಒಬ್ಬ ಮುದುಕನು ತಡೆಯಬಲ್ಲನೆ? ಒಂಟಿಯಾದವನು ತಾನೊಬ್ಬನೇ ಒಂಟಿಯಾದನೆ, ಇತರರು ಬಿಟ್ಟುದರಿಂದ ಒಂಟಿಯಾದನೆ? ಮಾರ್ಪಡಿಸಬಹುದಾದುದು ಎಂಬ ಮಾತ್ರಕ್ಕೆ ಅದು ರೋಗಿಯೇ ಮಾರ್ಪಡಿಸಬಹುದಾದುದು ಎಂದಾಗದು.

ಉಪಕರಣದ ದಾರಿಯೂ ಎಲ್ಲರಿಗೂ ಸಮನಲ್ಲ. ಆ ಆಸ್ಟ್ರೇಲಿಯದ ಪರೀಕ್ಷೆಗೆ ಕರೆ ಹೋದುದು 90,000ಕ್ಕೂ ಹೆಚ್ಚು ಮಂದಿಗೆ. ಕಡೆಗೆ ಒಳಬಂದವರು ಆರು ಸಾವಿರ. ಕರೆಗೆ ಓಗೊಡಲು ಯಂತ್ರ ಬೇಕು, ಬಿಡುವು ಬೇಕು, ಅಕ್ಷರ ಬೇಕು, ನಾಳೆಯ ಮೇಲೆ ನಂಬಿಕೆ ಬೇಕು. ಇವೆಲ್ಲ ಉಳ್ಳವನು ಮೊದಲೇ ಅರ್ಧ ರಕ್ಷಿತನು. ಯಂತ್ರವು ತಾನಾಗಿ ಬಡವನ ಬಾಗಿಲಿಗೆ ನಡೆದು ಹೋಗುವುದಿಲ್ಲ, ಯಾರಾದರೂ ಕೊಂಡೊಯ್ಯಬೇಕು. ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಹಳ್ಳಿಗಳಲ್ಲಿ, 45 ದಾಟಿದ ಜನರ ಬುದ್ಧಿಸ್ಥಿತಿಯನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿನ ಮಿದುಳು ಸಂಶೋಧನಾ ಕೇಂದ್ರವು ದೀರ್ಘಕಾಲದ ಅಧ್ಯಯನಕ್ಕೆ ತೆಗೆದುಕೊಂಡಿರುವುದು ಈ ದೃಷ್ಟಿಯಿಂದ ಗಮನಾರ್ಹವಾದುದು. ಅಲ್ಲಿ ವಿದ್ವಾಂಸನೇ ರೈತನ ಬಳಿಗೆ ಹೋಗಬೇಕಾಯಿತು.

ಭಯವನ್ನು ಮಾರುವವರ ಮಾತೂ ಒಂದಿದೆ. ನೆನಪು ಹೋದೀತೆಂಬ ಅಂಜಿಕೆಗಿಂತ ಲಾಭಕರವಾದ ಸರಕು ಬೇರೊಂದಿಲ್ಲ. ಬುದ್ಧಿಯ ಆಟಗಳನ್ನು ಮಾರುತ್ತಿದ್ದ ಅಮೆರಿಕದ ಲುಮೋಸಿಟಿಯು, ಮುಪ್ಪಿನ ಮರೆವನ್ನು ತಡೆಯುವೆನೆಂದು ಸಾಕಷ್ಟು ಆಧಾರವಿಲ್ಲದೆ ಸಾರಿತೆಂಬ ಆರೋಪದ ಮೇಲೆ, 2016ರಲ್ಲಿ 20 ಲಕ್ಷ ಡಾಲರ್ ತೆರಲು ಒಪ್ಪಬೇಕಾಯಿತು. ಸಂಶೋಧಕನು “ಇಷ್ಟು ತಿಳಿದಿದೆ, ಇಷ್ಟು ತಿಳಿದಿಲ್ಲ” ಎನ್ನುವನು. ವ್ಯಾಪಾರಿಯು ಆ ಎರಡನೆಯ ಅರ್ಧವನ್ನು ನುಂಗಿಬಿಡುವನು.

ಹಾಗಾದರೆ ವ್ಯಕ್ತಿಗೆ ಕರ್ತವ್ಯವೇ ಇಲ್ಲವೆ? ಉಂಟು. ತನ್ನ ಬುದ್ಧಿಯು ತನ್ನೊಬ್ಬನ ಸೊತ್ತಲ್ಲ. ತಂದೆಯ ನೆನಪಿನಲ್ಲಿ ಮಕ್ಕಳ ಬಾಲ್ಯವಿದೆ, ಅಜ್ಜಿಯ ನೆನಪಿನಲ್ಲಿ ಮನೆತನದ ಚರಿತ್ರೆಯಿದೆ. ಅದನ್ನು ಕಾಯುವುದು ತನ್ನವರಿಗೆ ಸಲ್ಲಿಸುವ ಋಣ. ಆದರೆ ಕರ್ತವ್ಯವು ಮುಂದೆ ನೋಡುವಂಥದು, ನಿಂದೆಯು ಹಿಂದೆ ನೋಡುವಂಥದು. ದೀಪಕ್ಕೆ ಎಣ್ಣೆ ಹಾಕೆಂದು ಸಂಜೆಯಲ್ಲಿ ಹೇಳುವುದು ಹಿತ. ದೀಪವಾರಿದ ಮೇಲೆ ಎಣ್ಣೆಯ ಲೆಕ್ಕ ಕೇಳುವುದು ಕ್ರೌರ್ಯ.

ಹೊಸ ತಿಳಿವು ಸಂಜೆಯ ಹಿತವಚನವಾಗಿ ಉಳಿಯಲಿ. ಕತ್ತಲೆ ಕವಿದವನ ಪಾಲಿಗೆ ಹಳೆಯ ಗಾದೆಯ ಕರುಣೆಯೇ ಇರಲಿ.